ಹಗ್ಗದ ಕೊನೆಯ ಗೇಣು

ನನ್ನ ಅಣ್ಣ ಮಾತು ಬಿಡುವುದರಲ್ಲಿ ಎತ್ತಿದ ಕೈ. ಬೇರೆಯವರು ಸಿಟ್ಟು ಬಂದರೆ ಕೂಗಾಡುತ್ತಾರೆ, ಬಾಗಿಲು ಬಡಿಯುತ್ತಾರೆ, ಒಂದೆರಡು ದಿನ ಮುಖ ಊದಿಸಿಕೊಂಡಿದ್ದು ಹಸಿವಾದಾಗ ಸುಮ್ಮನೆ ಬಂದು ಊಟಕ್ಕೆ ಕೂರುತ್ತಾರೆ. ಅಣ್ಣ ಆ ಪೈಕಿಯಲ್ಲ. ಅವನು ಬಾಯಿಗೆ ಬೀಗ ಹಾಕಿದನೆಂದರೆ ಬೀಗದ ಕೈ ಎಲ್ಲಿಟ್ಟೆ ಎಂಬುದು ಅವನಿಗೇ ಮರೆತುಹೋಗುತ್ತದೆ. ಹುಡುಗನಾಗಿದ್ದಾಗ ಅಪ್ಪ ಗಾಳಿಪಟ ಹರಿದುಹಾಕಿದರೆಂದು ಒಂದು ಇಡೀ ಬೇಸಿಗೆ ಅಪ್ಪನ ಜೊತೆ ಮಾತಾಡಿರಲಿಲ್ಲ. ಕೊನೆಗೆ ಅಪ್ಪನೇ ಸೋತು, ಕಾಗದ ಕಡ್ಡಿ ಅಂಟು ತಂದು, ಅವನ ಪಕ್ಕ ಕೂತು ಹೊಸದನ್ನು ಮಾಡಿಕೊಟ್ಟರು. ಆಗ ಅವನು ಆಡಿದ ಮೊದಲ ಮಾತು, "ಬಾಲ ಗಿಡ್ಡ ಆಯ್ತು."

ಇಂಥವನ ಬೆನ್ನಿಗೆ ಹುಟ್ಟಿದವಳು ನಾನು, ನನ್ನ ಬೆನ್ನಿಗೆ ಹುಟ್ಟಿದವನು ತಮ್ಮ. ತಮ್ಮ ಅಣ್ಣನಿಗೆ ತದ್ವಿರುದ್ಧ. ಅವನ ಬಾಯಿ ಸುಮ್ಮನಿದ್ದದ್ದನ್ನು ನಿದ್ದೆಯಲ್ಲಿ ಮಾತ್ರ ನೋಡಿದ್ದೇವೆ, ಅದೂ ಖಾತ್ರಿಯಿಲ್ಲ. ಅಂಗಡಿಗೆ ಬಂದವರಿಗೆಲ್ಲ "ಸಂಜೆಗೆ ರೆಡಿ, ನೀವು ಆರಾಮಾಗಿ ಹೋಗಿ ಬನ್ನಿ" ಎಂದು ಮಾತು ಕೊಡುವವನು ತಮ್ಮ. ಆ ಮಾತು ಉಳಿಸಲು ಗೊಣಗುತ್ತ ಬೆವರು ಸುರಿಸುವವನು ಅಣ್ಣ. ಗಾಡಿಯವರು ಅಣ್ಣನನ್ನು ದೊಡ್ಡ ಮೇಸ್ತ್ರಿ ಎಂದೂ ತಮ್ಮನನ್ನು ಚಿಕ್ಕ ಮೇಸ್ತ್ರಿ ಎಂದೂ ಕರೆಯುತ್ತಿದ್ದರು. ನಾನು ಎಲ್ಲರಿಗೂ ಅಕ್ಕ. ಫೋನು, ರಬ್ಬರಿನ ಸುರುಳಿಗಳು, ಚಹಾದ ಫ್ಲಾಸ್ಕು ಇವಿಷ್ಟು ನನ್ನ ಸುಪರ್ದಿ.

ಅಪ್ಪ ಬಿಟ್ಟುಹೋದ ಅಂಗಡಿ ಅದು, ವಾಹನಗಳ ಗಾಜಿನ ಅಂಗಡಿ. ಒಂದು ಪಕ್ಕದಲ್ಲಿ ಟೈರಿನವನು, ಇನ್ನೊಂದು ಪಕ್ಕದಲ್ಲಿ ದಿನವಿಡೀ ತಗಡು ಬಡಿಯುವವನು. ಮುಂದಿನ ಗಾಜು, ಹಿಂದಿನ ಗಾಜು ಎಲ್ಲ ಹಾಕುತ್ತೇವಾದರೂ ನಮಗೆ ಹೆಸರು ಬಂದದ್ದು ಸಾಮಾನು ಸಾಗಿಸುವ ವ್ಯಾನುಗಳ ಪಕ್ಕದ ಗಾಜಿನಿಂದ. ಕಾರಿನ ಗಾಜಿನ ಹಾಗೆ ಏರಿಸಿ ಇಳಿಸುವ ಗಾಜಲ್ಲ ಅದು. ಒಮ್ಮೆ ಕೂತರೆ ಕೂತ ಹಾಗೆಯೇ ಇರುತ್ತದೆ. "ನಮ್ಮಣ್ಣನ ಥರ" ಎಂದು ತಮ್ಮ ಗಿರಾಕಿಗಳ ಎದುರೇ ತಮಾಷೆ ಮಾಡುತ್ತಿದ್ದ. ಒಳಗೆ ಪೇರಿಸಿದ ಪೈಪು ಜಾರಿದರೆ ಅದು ಒಡೆಯುತ್ತದೆ, ಹಿಂದಕ್ಕೆ ತೆಗೆಯುವಾಗ ಗೇಟಿಗೆ ತಾಗಿದರೆ ಒಡೆಯುತ್ತದೆ, ಕಳ್ಳನ ಕಣ್ಣು ಬಿದ್ದರಂತೂ ಕೇಳುವುದೇ ಬೇಡ. ಒಡೆದಾಗ ಹರಳು ಹರಳಾಗಿ ಉದುರಿ ವ್ಯಾನಿನ ಸಂದುಗೊಂದಿಗಳನ್ನೆಲ್ಲ ಸೇರಿಕೊಳ್ಳುತ್ತದೆ. ಗುಡಿಸಿ ಗುಡಿಸಿ ಸಾಕಪ್ಪಾ ಎನ್ನುವಾಗ ಚಪ್ಪಲಿಯಡಿ ಮತ್ತೊಂದು ಕರಕ್ ಎನ್ನುತ್ತದೆ.

ಹೊಸ ಗಾಜು ಕೂರಿಸುವ ರೀತಿಯನ್ನು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಅಣ್ಣನ ಕತೆ ಅರ್ಥವಾಗುವುದಿಲ್ಲ. ಹಳೆಯ ರಬ್ಬರನ್ನು ಕೊಯ್ದು ಕಿತ್ತು, ತಗಡಿನ ಅಂಚಿನ ತುಕ್ಕು ಉಜ್ಜಿ, ಬಣ್ಣ ಬಳಿದು ಒಣಗಿಸುತ್ತಾರೆ. ಹೊಸ ಗಾಜಿನ ಸುತ್ತ ರಬ್ಬರಿನ ಪಟ್ಟಿ ತೊಡಿಸುತ್ತಾರೆ. ಆ ಪಟ್ಟಿಯ ಹೊರಮೈಯಲ್ಲಿ ಒಂದು ಸೀಳು ಇರುತ್ತದೆ. ಅದರೊಳಗೆ ಸುತ್ತಲೂ ತೆಳ್ಳನೆಯ ಹಗ್ಗವೊಂದನ್ನು ಹುದುಗಿಸಿ ತುದಿಗಳನ್ನು ಒಳಬದಿಗೆ ಇಳಿಬಿಡುತ್ತಾರೆ. ಆಮೇಲೆ ಸೋಪಿನ ನೀರು ಸವರಿ, ಗಾಜನ್ನು ಹೊರಗಿನಿಂದ ಕಿಂಡಿಗೆ ಇಟ್ಟು ಅಂಗೈಯಿಂದ ಒತ್ತುವವನು ಒಬ್ಬ, ವ್ಯಾನಿನ ಒಳಗೆ ಕೂತು ಹಗ್ಗದ ತುದಿ ಎಳೆಯುವವನು ಇನ್ನೊಬ್ಬ. ಹಗ್ಗ ಬರುತ್ತ ಬರುತ್ತ ರಬ್ಬರಿನ ತುಟಿಯನ್ನು ತಗಡಿನ ಮೇಲಕ್ಕೆ ಎತ್ತಿ ಕೂರಿಸುತ್ತದೆ. ಕೆಳಗಿನಿಂದ ಶುರುವಾಗಿ, ಮೂಲೆಗಳನ್ನು ದಾಟಿ, ಮೇಲುಗಡೆ ನಡುವಿಗೆ ಬಂದು ಮುಗಿಯಬೇಕು. ಅಲ್ಲಿಯತನಕ ಒಳಗಿನ ಉಸಿರು ಸಹ ಹೊರಗೆ ಕೇಳಿಸುತ್ತದೆ. ಕೊನೆಯ ಗೇಣು ಹಗ್ಗ ಈಚೆಗೆ ಬಂತೆಂದರೆ ಒಳಗಿನವನು ಒಳಗೆ, ಹೊರಗಿನವನು ಹೊರಗೆ. ಒತ್ತುವುದು, ಎಳೆಯುವುದು ಎರಡೂ ಒಂದೇ ಜಾಗದಲ್ಲಿ ಒಂದೇ ಗಳಿಗೆಗೆ ಬೀಳದಿದ್ದರೆ ರಬ್ಬರು ಹರಿಯುತ್ತದೆ, ಇಲ್ಲವೇ ಗಾಜು ಕೈಬಿಡುತ್ತದೆ. ಒಬ್ಬನಿಂದ ಆಗುವ ಕೆಲಸವಲ್ಲ ಅದು.

ಹೊರಗೆ ಅಣ್ಣ, ಒಳಗೆ ತಮ್ಮ. ಅಪ್ಪನ ಕಾಲದಿಂದಲೂ ಹಾಗೆಯೇ.

"ಎಳಿ... ಎಳಿ... ತಡಿ, ಮೂಲೆ ಬಂತು. ಮೆಲ್ಲಗೆ!"

"ಮೆಲ್ಲಗೇ ಎಳೀತಿದೀನಪ್ಪಾ, ಇದು ಹಗ್ಗ ಅಂತ ಗೊತ್ತು ನನಗೆ, ನಿನ್ನ ಕಿವಿ ಅಲ್ಲ."

"ಬಾಯಿ ಮುಚ್ಕೊಂಡು ಎಳಿ."

"ಬಾಯಿಗೂ ಕೈಗೂ ಏನಣ್ಣಾ ಸಂಬಂಧ?"

ಟೈರಿನವನು ಕೆಲಸ ಬಿಟ್ಟು ನಿಂತು ಕೇಳುತ್ತಿದ್ದ.

ಅವರಿಬ್ಬರ ನಡುವೆ ಕೆಟ್ಟದ್ದು ಅಮ್ಮ ಹೋದ ದಿನ. ಅಮ್ಮ ಆಸ್ಪತ್ರೆಯಲ್ಲಿದ್ದಳು. ನಾನು ಅವಳ ಬಳಿಯೇ ಇದ್ದೆ, ಬೆಳಿಗ್ಗೆ ಅಂಗಡಿ ತೆಗೆದು ತಮ್ಮನೂ ಓಡಿಬಂದ. ಮಧ್ಯಾಹ್ನ ಡಾಕ್ಟರು ಮನೆಯವರನ್ನೆಲ್ಲ ಕರೆಸಿಬಿಡಿ ಎಂದರು. ಅಂಗಡಿಗೆ ಫೋನು ಮಾಡಿದೆ. "ಬಂದೆ" ಎಂದ ಅಣ್ಣ. ಬರಲಿಲ್ಲ. ಅಮ್ಮ ಬಾಗಿಲಲ್ಲಿ ಯಾರ ನೆರಳು ಆಡಿದರೂ "ದೊಡ್ಡವನು ಬಂದನಾ?" ಎಂದು ಕೇಳುತ್ತಿದ್ದಳು. ಕೇಳಿ ಕೇಳಿ ನಿಲ್ಲಿಸಿದಳು. ಅಣ್ಣ ಬಂದಾಗ ಅವಳ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಅವನ ಕೈಗಳಲ್ಲಿ ಇನ್ನೂ ಸೋಪಿನ ಪಸೆ, ಅಂಗಿಯ ತೋಳಿನ ಮೇಲೆ ರಬ್ಬರಿನ ಕಪ್ಪು. ಉದ್ದನೆಯ ಆ ಓಣಿಯಲ್ಲಿ, ನರ್ಸುಗಳು, ಬೇರೆ ರೋಗಿಗಳ ಕಡೆಯವರು ಎಲ್ಲರ ಎದುರು ತಮ್ಮ ಅಂದುಬಿಟ್ಟ.

"ಅಮ್ಮ ಸಾಯ್ತಾ ಇದ್ರೆ ನಿನಗೆ ಗಾಜೇ ಹೆಚ್ಚಾಯ್ತಲ್ಲ! ನೀನೂ ಒಬ್ಬ ಮಗನಾ?"

ಅಣ್ಣ ಉತ್ತರ ಕೊಡಲಿಲ್ಲ. ಆಮೇಲೆ ತಮ್ಮನ ಯಾವ ಮಾತಿಗೂ ಉತ್ತರ ಕೊಡಲಿಲ್ಲ.

ಅಂಗಡಿ ಮುಚ್ಚಲಿಲ್ಲ, ಪಾಲಾಗಲಿಲ್ಲ, ಇಬ್ಬರೂ ಬೆಳಿಗ್ಗೆ ಬಂದರು, ಸಂಜೆ ಹೋದರು. ಆದರೆ ನಡುವೆ ನಾನು ಟೆಲಿಫೋನಾದೆ. ಇಬ್ಬರೂ ಒಂದೇ ಗಾಜಿನ ಎರಡು ತುದಿ ಹಿಡಿದು ನಿಂತಿರುತ್ತಿದ್ದರು, ಅಣ್ಣ ನನ್ನ ಕಡೆ ತಿರುಗಿ "ಅವನಿಗೆ ಸ್ವಲ್ಪ ಎತ್ತು ಅನ್ನು" ಎನ್ನುತ್ತಿದ್ದ. ನಾನು "ಸ್ವಲ್ಪ ಎತ್ತಂತೆ ಕಣೋ" ಎನ್ನುತ್ತಿದ್ದೆ. ತಮ್ಮ "ಎತ್ತಿದೀನಂತೆ ಅನ್ನು" ಎನ್ನುತ್ತಿದ್ದ. ಒಮ್ಮೆ ನನಗೆ ತಲೆಕೆಟ್ಟು ಇಬ್ಬರ ಸಂದೇಶವನ್ನೂ ಉಲ್ಟಾ ಮಾಡಿ ಹೇಳಿದೆ. ಗಾಜು ಬೀಳುವುದರಲ್ಲಿತ್ತು, ಆಗಲೂ ಇಬ್ಬರೂ ಸೇರಿ ನನಗೇ ಬೈದರೇ ಹೊರತು ಒಬ್ಬರಿಗೊಬ್ಬರು ಒಂದು ಮಾತಾಡಲಿಲ್ಲ. ಶುರುವಿನಲ್ಲಿ ತಮ್ಮ ಸೋಲಲು ನೋಡಿದ. "ಅಣ್ಣಾ, ಸಿಟ್ಟಲ್ಲಿ ಬಾಯಿಂದ ಬಂದುಬಿಡ್ತು, ಮನಸ್ಸಲ್ಲಿ ಇಟ್ಕೋಬೇಡ" ಎಂದು ಅಂಗಡಿಯ ನಡುವೆ ಕೈಮುಗಿದು ನಿಂತ. ಅಣ್ಣ ಅವನನ್ನು ದಾಟಿ ಹೋಗಿ ರಬ್ಬರು ಅಳೆಯತೊಡಗಿದ. ಎಷ್ಟು ಸಲ ಅಂತ ಕೈಮುಗಿಯುತ್ತಾನೆ ಮನುಷ್ಯ? ತಮ್ಮನೂ ಸುಮ್ಮನಾದ. ಬಾಯಿ ತುಂಬ ಮಾತಿದ್ದವನು ಅಂಗಡಿಗೆ ಬಂದರೆ ಮೂಗನ ಹಾಗಿರಲು ಕಲಿತ.

ವ್ಯಾನಿನ ಒಳಗೆ ಹೊರಗೆ ನನ್ನ ಟೆಲಿಫೋನು ನಡೆಯುವಂತಿರಲಿಲ್ಲ, ಅಲ್ಲಿ ಗಳಿಗೆ ತಪ್ಪಿದರೆ ಕೆಲಸ ಕೆಟ್ಟಿತು. ಅದಕ್ಕೆ ಅಣ್ಣ ಗಾಜನ್ನು ತಟ್ಟುವುದು ಶುರುಮಾಡಿದ. ಒಂದು ಸಲ ತಟ್ಟಿದರೆ ಎಳಿ, ಎರಡು ಸಲ ತಟ್ಟಿದರೆ ತಡಿ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಮೊದಲ ದಿನವೇ ತಮ್ಮನಿಗೆ ಅರ್ಥವಾಯಿತು. ಅಷ್ಟು ಅರ್ಥಮಾಡಿಕೊಳ್ಳುವವರಿಗೆ ಉಳಿದದ್ದು ಯಾಕೆ ಅರ್ಥವಾಗಲಿಲ್ಲವೋ ನನಗಂತೂ ತಿಳಿಯದು. ಆ ತಟ್ಟು ಕೇಳಿದಾಗಲೆಲ್ಲ ಯಾರೋ ಬಾಗಿಲು ತೆಗೆಯಿರಿ ಎಂದು ಬಡಿಯುತ್ತಿದ್ದಾರೆ ಅನ್ನಿಸಿ ನನಗೆ ಮೈ ಉರಿಯುತ್ತಿತ್ತು.

ಹೀಗೆಯೇ ವರ್ಷಗಳು ಹೋದವು. ನಮ್ಮ ಮೂವರ ತಲೆಯೂ ಬೆಳ್ಳಗಾಯಿತು. ಆಮೇಲೆ ತಮ್ಮನಿಗೆ ಕೆಮ್ಮು ಹಿಡಿಯಿತು. ಧೂಳು ಎಂದ, ಹವೆ ಎಂದ, ಕಷಾಯ ಕುಡಿದ. ಅವನ ಹೆಂಡತಿ ಬಲವಂತವಾಗಿ ಆಸ್ಪತ್ರೆಗೆ ಎಳೆದುಕೊಂಡು ಹೋದಾಗ ರೋಗ ಎರಡೂ ಕಡೆಯ ಶ್ವಾಸಕೋಶವನ್ನು ತಿಂದುಹಾಕಿತ್ತು. ಡಾಕ್ಟರು ಕೈಚೆಲ್ಲಿದರು. ಅವನು ಮನೆಯಲ್ಲಿ ದಿಂಬಿಗೆ ಒರಗಿ ಕೂತು ನನಗೆ ಹೇಳಿದ್ದು ಒಂದೇ.

"ಅಕ್ಕಾ, ಅವನ ಬಾಯಿಂದ ಒಂದು ಮಾತು ಕೇಳಿಸ್ಕೊಂಡು ಹೋಗ್ಬೇಕು ಕಣೇ. ಬೈದ್ರೂ ಪರವಾಗಿಲ್ಲ. ಬೈದ್ರೆ ಇನ್ನೂ ಒಳ್ಳೇದು."

ನಾನು ನೆಟ್ಟಗೆ ಅಣ್ಣನ ಮನೆಗೆ ಹೋದೆ. ಅವನು ಊಟ ಮಾಡುತ್ತಿದ್ದ. ಊಟದ ಮುಂದೆ ಕೂತವರಿಗೆ ಬೈಯಬಾರದು ಎಂದು ಅಮ್ಮ ಹೇಳುತ್ತಿದ್ದಳು, ಆ ದಿನ ನಾನು ಅಮ್ಮನ ಮಾತನ್ನೂ ಕೇಳಲಿಲ್ಲ.

"ನಿನ್ನ ಹಟ ಇನ್ನೆಷ್ಟು ದಿನ? ಅವನು ಹೋದ್ಮೇಲೆ ಯಾರ ಹತ್ರ ಮಾತು ಬಿಡ್ತೀಯಾ? ನಾಲಿಗೆ ಬಿದ್ದುಹೋಗಿದೆಯಾ ನಿನಗೆ?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಣ್ಣ ತಟ್ಟೆಯಲ್ಲೇ ಕೈತೊಳೆದು ಎದ್ದ. "ಬೆಳಿಗ್ಗೆ ಒಂದು ವ್ಯಾನ್ ಬರುತ್ತೆ. ಮೇಜು ಕುರ್ಚಿ ಸಾಗಿಸೋನದ್ದು" ಎಂದ. ಅವನ ಬಾಯಿಂದ ಅಂದು ಹೊರಟದ್ದು ಅಷ್ಟೇ.

ಆ ವ್ಯಾನಿಗೆ ಹಗ್ಗ ಎಳೆಯಲು ತಾನೇ ಬರುತ್ತೇನೆಂದು ತಮ್ಮ ಹಟ ಹಿಡಿದ. ಯಾರ ಮಾತನ್ನೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಹೆಂಡತಿ ಆಟೋದಲ್ಲಿ ಕರೆತಂದು ಬಿಟ್ಟಳು. ಅಂಗಿ ಗೂಟಕ್ಕೆ ತೂಗುಹಾಕಿದ ಹಾಗಿತ್ತು ಮೈ. ವ್ಯಾನು ಹತ್ತುವಾಗ ಕಾಲು ಸೋತಿತು, ಅಣ್ಣನ ಕೈ ಮುಂದೆ ಬಂದು ಅರ್ಧದಲ್ಲೇ ನಿಂತಿತು. ನಾನು ಹಿಡಿದು ಹತ್ತಿಸಿದೆ.

ಅಣ್ಣ ತಟ್ಟಿದ, ತಮ್ಮ ಎಳೆದ. ಕೆಳಗಿನ ಅಂಚು ಕೂತಿತು, ಮೂಲೆಗಳು ಕೂತವು. ನಡುನಡುವೆ ಒಳಗಿನಿಂದ ಕೆಮ್ಮು ಕೇಳಿ ಅಣ್ಣ ಕೈ ತಡೆದು ಕಾಯುತ್ತಿದ್ದ. ಮೇಲುಗಡೆ ಕೊನೆಯ ಗೇಣು ಉಳಿದಾಗ ಅಣ್ಣ ಒಂದು ಸಲ ತಟ್ಟಿದ. ಹಗ್ಗ ಅಲುಗಲಿಲ್ಲ. ಮತ್ತೆ ತಟ್ಟಿದ. ಅಲುಗಲಿಲ್ಲ. ಆಗ ಆ ಸಂದಿನಿಂದ ತಮ್ಮನ ದನಿ ಬಂತು, ಎಷ್ಟೋ ವರ್ಷಗಳ ಮೇಲೆ.

"ಅಣ್ಣಾ, ತಟ್ಟಬೇಡ. ಬಾಯಿಬಿಟ್ಟು ಎಳಿ ಅನ್ನು. ಎಳೀತೀನಿ."

ಪಕ್ಕದಲ್ಲಿ ತಗಡು ಬಡಿಯುವವನು ಕೂಡ ಸುತ್ತಿಗೆ ಕೆಳಗಿಟ್ಟ. ಅಣ್ಣ ಬಾಯಿ ತೆರೆದ. ತೆರೆದ ಬಾಯನ್ನು ನನ್ನ ಕಡೆ ತಿರುಗಿಸಿ ಅಂದ.

"ಅವನಿಗೆ ಎಳಿ ಅನ್ನು."

"ನೀನೇ ಅನ್ನು" ಎಂದೆ. ಅವನು ಅನ್ನಲಿಲ್ಲ. ಎರಡೂ ಅಂಗೈಗಳನ್ನು ಗಾಜಿಗೆ ಊರಿ ತಲೆ ತಗ್ಗಿಸಿ ನಿಂತೇ ಇದ್ದ. ಒಳಗೆ ದೊಡ್ಡ ಕೆಮ್ಮೊಂದು ಬಂದು ಹೋಯಿತು. ಆಮೇಲೆ ತಮ್ಮ ತಾನಾಗಿಯೇ ಹಗ್ಗ ಎಳೆದ. ರಬ್ಬರು ಪಟ್ಟನೆ ಕೂತಿತು, ಗಾಜು ಮುಚ್ಚಿಕೊಂಡಿತು, ಅವನ ಉಸಿರಿನ ಸದ್ದು ಹೊರಗೆ ಕೇಳದಾಯಿತು.

ಅದೇ ವಾರ ತಮ್ಮನನ್ನು ಆಸ್ಪತ್ರೆಗೆ ಸೇರಿಸಿದೆವು. ಅಣ್ಣ ಅಂಗಡಿಗೆ ಬೀಗ ಹಾಕಿ ಬಂದು ದಿನಾ ಅವನ ಹಾಸಿಗೆಯ ಪಕ್ಕ ಕೂತ. ಬಂದು ಕೂತನಲ್ಲ ಎಂದು ನನಗೆ ಆಸೆ. ಆ ಕೋಣೆಯ ಕಿಟಕಿಯ ಗಾಜು ಸಡಿಲವಾಗಿ ಗಾಳಿಗೆ ಗಡಗಡ ಎನ್ನುತ್ತಿತ್ತು. ಅಣ್ಣ ಔಷಧಿಯ ಡಬ್ಬದ ರಟ್ಟನ್ನು ಹರಿದು ಮಡಚಿ ಸಂದಿಗೆ ಸಿಕ್ಕಿಸಿ ಅದನ್ನು ಸುಮ್ಮನಾಗಿಸಿದ. ತಮ್ಮ ಕಣ್ಣು ತೆರೆದು ನೋಡಿ ನಕ್ಕ. ಅಣ್ಣ ಅವನ ಹೊದಿಕೆಯ ಅಂಚನ್ನು ಹಾಸಿಗೆಯಡಿ ಒತ್ತಿ ಸಿಕ್ಕಿಸಿದ, ಕಾಲ ಬಳಿ, ಪಕ್ಕದಲ್ಲಿ, ಮತ್ತೆ ಕಾಲ ಬಳಿ. ಅವನ ಕೈಗೆ ಬರುತ್ತಿದ್ದದ್ದು ಅದೊಂದೇ. ಒಂದು ಮಧ್ಯಾಹ್ನ, ಅಣ್ಣ ಹಾಗೆ ಕೂತಿದ್ದಾಗಲೇ, ತಮ್ಮ ಹೋಗಿಬಿಟ್ಟ. ಕೇಳಬೇಕೆಂದಿದ್ದ ಒಂದು ಮಾತನ್ನು ಕೇಳದೆ ಹೋದ.

ನಾನು ಅಣ್ಣನ ಮುಖ ನೋಡಲಿಲ್ಲ. ಅಂಗಡಿಗೆ ಹೋಗುವುದನ್ನು ಬಿಟ್ಟೆ. ಮಾತು ಬಿಡುವ ನಮ್ಮ ಮನೆಯ ರೋಗ ನನಗೂ ತಗುಲಿತು ಎಂದು ನನ್ನ ಗಂಡ ಅಂದಾಗಲೇ ಎಚ್ಚರವಾದದ್ದು. ತಿರುಗಿ ಹೋದೆ. ಅಣ್ಣ ಮುಂದಿನ ಗಾಜುಗಳನ್ನಷ್ಟೇ ಹಾಕುತ್ತಿದ್ದ. ಅವು ಅಂಟಿನಲ್ಲಿ ಕೂರುತ್ತವೆ, ಹಗ್ಗ ಬೇಕಿಲ್ಲ. ಪಕ್ಕದ ಗಾಜು ಎಂದು ವ್ಯಾನು ಬಂದರೆ "ಆಗಲ್ಲ, ಬೇರೆ ಕಡೆ ನೋಡಿ" ಎಂದು ಕಳಿಸುತ್ತಿದ್ದ. ಹಗ್ಗ ಗೋಡೆಯ ಮೊಳೆಗೆ ತಮ್ಮ ಸುತ್ತಿಟ್ಟ ಹಾಗೆಯೇ ತೂಗುತ್ತಿತ್ತು.

ಒಂದು ಬೆಳಿಗ್ಗೆ ಬೇಕರಿಯವನು ತನ್ನ ಬ್ರೆಡ್ಡಿನ ವ್ಯಾನು ತಂದ. ಒಳಗೆ ಬ್ರೆಡ್ಡಿನ ತಟ್ಟೆಗಳನ್ನು ಜೋಡಿಸುವ ಕಬ್ಬಿಣದ ಸ್ಟ್ಯಾಂಡು ಕಳಚಿಕೊಂಡು ಎಡಗಡೆಯ ಗಾಜನ್ನು ಪುಡಿಮಾಡಿತ್ತು. ಅಣ್ಣ ಎಂದಿನಂತೆ ಆಗಲ್ಲ ಎನ್ನುತ್ತಾನೆ ಎಂದುಕೊಂಡೆ. ಅವನು ವ್ಯಾನಿನ ಬಳಿ ಹೋಗಿ ಹಳೆಯ ರಬ್ಬರಿನ ಮೇಲೆ ಹೆಬ್ಬೆರಳು ಓಡಿಸಿದ.

"ಇದು ನಾನು ಕೂರಿಸಿದ್ದು" ಎಂದ.

"ನೀವೇ ಮೇಸ್ತ್ರಿ, ಮರೆತುಬಿಟ್ರಾ? ಇಷ್ಟು ವರ್ಷ ಒಂದು ಹನಿ ನೀರು ಒಳಗೆ ಬಂದಿಲ್ಲ" ಎಂದ ಬೇಕರಿಯವನು.

ಅಣ್ಣ ರಬ್ಬರಿನಿಂದ ಹೆಬ್ಬೆರಳು ತೆಗೆಯದೆಯೇ, "ಬಿಟ್ಟು ಹೋಗಿ" ಎಂದ.

ರಬ್ಬರನ್ನು ಅವನೇ ಕೊಯ್ದ. ಹರಳುಗಳನ್ನು ನಾನು ಗುಡಿಸಿದೆ. ತುಕ್ಕು ಉಜ್ಜಿ, ಬಣ್ಣ ಒಣಗಿ, ಹೊಸ ಗಾಜಿಗೆ ರಬ್ಬರು ತೊಡಿಸಿ ಆದಮೇಲೆ ಅಣ್ಣ ಮೊಳೆಯ ಮೇಲಿದ್ದ ಹಗ್ಗವನ್ನು ನೋಡುತ್ತ ನಿಂತ. ನಾನೇ ಹೋಗಿ ಅದನ್ನು ತೆಗೆದುಕೊಟ್ಟೆ, ತೋಳು ಮಡಚಿ ವ್ಯಾನು ಹತ್ತಿದೆ.

"ನಿನಗೆ ಬರಲ್ಲ ಕಣೇ" ಎಂದ.

"ನೋಡಿ ನೋಡಿ ಮುದುಕಿ ಆದೆ. ಬರದೆ ಏನು? ತಟ್ಟು ನೀನು."

ಒಳಗೆಲ್ಲ ಬ್ರೆಡ್ಡಿನ ವಾಸನೆ. ಬಿಸಿಲು ತಾಗಬಾರದೆಂದು ಬೇಕರಿಯವನು ಹೇಳಿ ಹಾಕಿಸುವುದು ಕಪ್ಪು ಗಾಜು. ಒಳಗೆ ಕೂತ ನನಗೆ ಅಣ್ಣ ಕಾಣುತ್ತಿದ್ದ, ಹೊರಗಿದ್ದ ಅವನಿಗೆ ನಾನು ಕಾಣುತ್ತಿರಲಿಲ್ಲ. ತಮ್ಮ ಇಷ್ಟೂ ವರ್ಷ ಹೀಗೆ ಕೂತು ಅವನ ಮುಖವನ್ನು ಇಷ್ಟು ಹತ್ತಿರದಿಂದ ನೋಡುತ್ತಿದ್ದನಲ್ಲ ಎಂದು ಆಗ ಹೊಳೆದು ನನ್ನ ಕಣ್ಣು ತುಂಬಿ ಬಂತು.

ಅಣ್ಣ ತಟ್ಟಿದ, ಎಳೆದೆ. ತಟ್ಟಿದ, ತಡೆದೆ. ಅಂಗೈ ಉರಿಯಿತು. ಮೂಲೆಗಳು ಹೇಗೋ ದಾಟಿದವು. ಮೇಲುಗಡೆ ಕೊನೆಯ ಗೇಣು ಉಳಿಯಿತು. ತಟ್ಟುತ್ತಾನೆ ಎಂದು ಕಾದೆ. ಅವನು ತಟ್ಟಲಿಲ್ಲ. ಅಂಗೈಗಳನ್ನು ಗಾಜಿಗೆ ಊರಿ, ಹಣೆಯನ್ನೂ ಅದಕ್ಕೆ ಊರಿದ. ಸಂದಿನಿಂದ ಅವನ ದನಿ ಒಳಗೆ ಬಂತು.

"ಅವತ್ತಿಂದು ಇದೇ ಗಾಡಿ ಕಣೋ."

ಕಣೇ ಎನ್ನಲಿಲ್ಲ, ಕಣೋ ಎಂದ.

"ಸಂಜೆಗೆ ರೆಡಿ ಅಂತ ಬೇಕರಿಯವನಿಗೆ ಮಾತು ಕೊಟ್ಟು ನೀನು ಅಮ್ಮನ ಹತ್ರ ಓಡಿದ್ದೆ. ನಿನ್ನ ಅಕ್ಕ ಫೋನ್ ಮಾಡಿದಾಗ ಗಾಜು ಅರ್ಧ ಕೂತಿತ್ತು. ಒಳಗೆ ಎಳೆಯೋಕೆ ಯಾರೂ ಇರಲಿಲ್ಲ. ಹೊರಗೆ ಕೋಲು ಆನಿಸಿ ನಿಲ್ಲಿಸೋದು, ಓಡಿಬಂದು ಒಳಗೆ ಒಂದು ಗೇಣು ಎಳೆಯೋದು, ಮತ್ತೆ ಹೊರಗೆ ಓಡೋದು. ಇನ್ನೇನು ಮುಗೀತು, ಇನ್ನೇನು ಮುಗೀತು ಅಂತ. ನಿನ್ನ ಮಾತು ಹೋಗಬಾರದು ಅಂತ. ಅಮ್ಮ ಕಾಯ್ತಾಳೆ ಅಂದ್ಕೊಂಡೆ."

ಅವನ ಉಸಿರಿಗೆ ಗಾಜು ಮಂಜಾಯಿತು. ಮುಖ ಮಸುಕಾಗಿ ದನಿ ಮಾತ್ರ ಉಳಿಯಿತು.

"ಬಿಟ್ಟು ಬರಬೇಕಿತ್ತು. ಒಡೆದ್ರೆ ಒಡೀತಿತ್ತು ಒಂದು ಗಾಜು. ನೀನು ಅಂದಿದ್ದು ಸುಳ್ಳಾಗಿದ್ರೆ ಅಲ್ಲೇ ನಿನ್ನ ಕೆನ್ನೆಗೆ ಬಾರಿಸಿ ಮಾರನೇ ದಿನ ಮಾತಾಡ್ತಿದ್ದೆ. ನಿಜ ಆಗಿತ್ತಲ್ಲೋ. ನಿನ್ನ ಮುಖ ನೋಡಿದ್ರೆ ಸಾಕು, ಅದೇ ಕೇಳಿಸ್ತಿತ್ತು. ಯಾವ ಬಾಯಲ್ಲಿ ನಿನ್ನ ಹತ್ರ ಮಾತಾಡ್ಲಿ?"

ಅದು ಸಿಟ್ಟು ಎಂದು ನಾವಿಬ್ಬರೂ ತಿಳಿದಿದ್ದೆವು. ತಮ್ಮ ಸಾಯುವತನಕ ಹಾಗೆಯೇ ತಿಳಿದಿದ್ದ. ನನಗೆ ಅಳು ಒತ್ತರಿಸಿ ಬಂತು, ಹಿಡಿದಿದ್ದ ಹಗ್ಗ ಒಂದಿಷ್ಟು ಜಗ್ಗಿತು. ಮೇಲೆ ರಬ್ಬರು ಕಿರುಗುಟ್ಟಿತು.

ಹೊರಗಿನಿಂದ ಅಣ್ಣ ಎರಡು ಸಲ ತಟ್ಟಿದ.

"ಇನ್ನೂ ಎಳೀಬೇಡ ಕಣೋ," ಎಂದ. "ಇನ್ನೂ ಇದೆ."

ನಾನು ಹಗ್ಗವನ್ನು ಸಡಿಲ ಬಿಟ್ಟು, ತಮ್ಮ ಕೂರುತ್ತಿದ್ದ ಹಾಗೆ ವ್ಯಾನಿನ ಒಳಮೈಗೆ ಒರಗಿ ಕೂತೆ.